ಕೇರೆ ಹಾವು ನಾಗರದ ಗಂಡೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಮೊನ್ನೆ ಕೊಟ್ಟಿಗೆ ಹಿಂದೆ ಎರಡು ಉದ್ದನೆಯ ಹಾವುಗಳು ಹಗ್ಗ ಹೊಸೆದ ಹಾಗೆ ಹೆಣೆದುಕೊಂಡು ಎದ್ದು ನಿಂತಿದ್ದವು. ಕೇರೆಯೂ ನಾಗರವೂ ಸೇರುತ್ತಿವೆ, ಕೇರೆಯೇ ನಾಗರದ ಗಂಡು ಎಂದರು ನಮ್ಮತ್ತೆ. ನಿಜವೇ? ಅಂದಿನಿಂದ ಮಗಳಿಗೆ ಹಾವುಗಳ ಬಗ್ಗೆ ಕಲಿಯುವ ಹುಚ್ಚು ಹತ್ತಿದೆ. ಎಲ್ಲಿಂದ ಶುರು ಮಾಡಿಸಲಿ?

ಉತ್ತರ: ನಿಜವಲ್ಲ. ನೀವು ಕಂಡದ್ದು ಎರಡು ಗಂಡು ಕೇರೆಗಳ ಕುಸ್ತಿ ಇರಬೇಕು. ಮೈಗೆ ಮೈ ಸುತ್ತಿ, ತಲೆಯೆತ್ತಿ, ಒಂದು ಇನ್ನೊಂದನ್ನು ನೆಲಕ್ಕೆ ಒತ್ತಲು ನೋಡುತ್ತದೆ. ಸೋತದ್ದು ಜಾಗ ಬಿಟ್ಟು ಹೊರಡುತ್ತದೆ. ಕೇರೆ, ನಾಗರ ಎರಡೂ ಬೇರೆ ಬೇರೆ ಕುಟುಂಬದವು, ಕೂಡುವ ಮಾತೇ ಇಲ್ಲ. ನಾಗರ ಕೇರೆಯನ್ನು ನುಂಗುವುದುಂಟು.

ಅತ್ತೆಯವರ ಮಾತನ್ನು ನಾನು ಸುಮ್ಮನೆ ಬಿಡಬಹುದಿತ್ತು. ಆದರೆ ನಾಗರನಿಗೆ ಹಾಲೆರೆಯುವ ನಮ್ಮ ಊರುಗಳಲ್ಲೇ ಕೇರೆಗೆ ದೊಣ್ಣೆ ಬೀಳುತ್ತದೆ. ವಿಷವಿಲ್ಲದ, ತೋಟದ ಇಲಿ ಹೆಗ್ಗಣ ತಿಂದು ಬದುಕುವ ಹಾವು ಅದು. ಕಾಳಿಂಗ ಸರ್ಪಕ್ಕೂ ಕೇರೆಯೇ ಮುಖ್ಯ ಆಹಾರಗಳಲ್ಲೊಂದು. ತೋಟಕ್ಕೆ ಕಾಳಿಂಗ ಬಂದರೆ ಅದು ಹೆಚ್ಚಾಗಿ ಇನ್ನೊಂದು ಹಾವಿನ ಜಾಡು ಹಿಡಿದು ಬಂದಿರುತ್ತದೆ, ನಿಮ್ಮನ್ನು ಹುಡುಕಿಕೊಂಡಲ್ಲ. ಹಾವು ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರ ನಿಮಗೆ ದೂರವಲ್ಲ. ಎಲೆ ರಾಶಿ ಮಾಡಿ ಗೂಡು ಕಟ್ಟಿ ಮೊಟ್ಟೆ ಕಾಯುವ ಕಾಳಿಂಗದ ಬಗ್ಗೆ ಅಲ್ಲಿ ಬಹಳ ಕೆಲಸವಾಗಿದೆ.

ಮಗಳು ಕೇರೆಯಿಂದಲೇ ಶುರು ಮಾಡಲಿ. ಹಗಲಲ್ಲೇ ಓಡಾಡುವುದರಿಂದ ನೋಡಲು ಸಿಗುತ್ತದೆ. ದೊಡ್ಡ ದುಂಡು ಕಣ್ಣು, ತುಟಿಯಂಚಿನಲ್ಲಿ ಕಪ್ಪು ಗೆರೆಗಳು, ಹೆಡೆ ಇಲ್ಲ. ಮೈಬಣ್ಣ ನಂಬಬೇಡಿ, ಹಳದಿಯಿಂದ ಕಪ್ಪಿನವರೆಗೂ ಇರುತ್ತದೆ.

ಆಮೇಲೆ ಕಟ್ಟುಹಾವು ಮತ್ತು ತೋಳಹಾವು. ನೋಡಲು ಒಂದೇ ಥರ, ಆದರೆ ಕಟ್ಟುಹಾವಿಗೆ ಕಡು ವಿಷ. ಜೀವದ ಪ್ರಶ್ನೆ ಇರುವುದು ಇಲ್ಲಿ. ಕಟ್ಟುಹಾವು ಹೊಳೆಯುವ ಕಪ್ಪು. ತೆಳು ಬಿಳಿ ಪಟ್ಟೆಗಳು ಹೆಚ್ಚಾಗಿ ಜೋಡಿಜೋಡಿ, ಕತ್ತಿನ ಹತ್ತಿರ ಮಸುಕು, ಬಾಲದ ಕಡೆ ಸ್ಪಷ್ಟ. ಗೋಡೆ ಹತ್ತಿ ಹಲ್ಲಿ ಹಿಡಿಯುವ ತೋಳಹಾವಿಗೆ ವಿಷವಿಲ್ಲ. ಮೈ ಕಂದು, ಪಟ್ಟೆ ಕತ್ತಿನ ಬಳಿ ಢಾಳಾಗಿದ್ದು ಬಾಲದ ಕಡೆ ಮಾಸುತ್ತದೆ. ಮರಿಗಳಲ್ಲಿ ಈ ಲೆಕ್ಕ ತಪ್ಪಬಹುದು. ಅನುಮಾನ ಬಂದರೆ ಕಟ್ಟುಹಾವೆಂದೇ ತಿಳಿಯಿರಿ. ಅದು ಕಡಿದರೆ ನೋವು, ಊತ ಅಷ್ಟಾಗಿ ಇರುವುದಿಲ್ಲ; ಮಲಗಿದ್ದವರು ಹೊಟ್ಟೆನೋವೆಂದು ಏಳುತ್ತಾರೆ, ರೆಪ್ಪೆ ಜೋಲುತ್ತದೆ. ನೆಲದಲ್ಲಿ ಮಲಗುವವರಿದ್ದರೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಯಾವ ಹಾವೇ ಕಡಿಯಲಿ, ಕಟ್ಟು ಬಿಗಿಯುವುದು, ಗಾಯ ಕುಯ್ಯುವುದು, ನಾಟಿಮದ್ದು ಎಲ್ಲ ಬಿಟ್ಟು 108ಕ್ಕೆ ಕರೆ ಮಾಡಿ. ಕಡಿತದ ಭಾಗ ಅಲುಗಾಡಿಸದೆ ಆಸ್ಪತ್ರೆ ಸೇರಿಸಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ತುಂಬಾ ತಡವಾಗಿ ಬಂದ ಒಳ್ಳೆಯ ನಿಯಮ.

ಒಂದು ಮಾತು ಮಗಳಿಗೆ ಖಂಡಿತವಾಗಿ ಹೇಳಿ: ಹಾವು ಕಲಿಯುವುದೆಂದರೆ ಹಾವು ಹಿಡಿಯುವುದಲ್ಲ. ಮೊಬೈಲಿನಲ್ಲಿ ಬಾಲ ಎತ್ತಿ ಆಡಿಸುವವರನ್ನು ನೋಡಿ ಮಕ್ಕಳು ಮರುಳಾಗುತ್ತಿದ್ದಾರೆ, ನನಗೆ ಅದರ ಬಗ್ಗೆ ನಿಜಕ್ಕೂ ಸಿಟ್ಟಿದೆ. ಮನೆಯೊಳಗೆ ಹಾವು ಬಂದರೆ ಅರಣ್ಯ ಇಲಾಖೆಗೆ ಹೇಳಿ. ತೋಟದಲ್ಲಿ ಕಂಡರೆ ದೂರ ನಿಂತು ನೋಡಲಿ. ದಿನಾಂಕ, ಹೊತ್ತು, ಜಾಗ, ಏನು ಮಾಡುತ್ತಿತ್ತು ಎಂದು ಬರೆದಿಡಲಿ. ಗುರುತು ಸಿಗದಿದ್ದರೆ ಫೋಟೊ ನಮ್ಮ ವಿಳಾಸಕ್ಕೆ ಕಳಿಸಲಿ, ಹತ್ತಿರ ಹೋಗದೆ ಜೂಮ್ ಮಾಡಿ ತೆಗೆದದ್ದಾದರೆ ಮಾತ್ರ.