ಹೆಸರಿಗೆ ಮೊದಲೇನು, ಹೆಸರಿನ ನಂತರವೇನು?

ಘಟಿಕೋತ್ಸವಗಳ ಕಾಲ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಬಣ್ಣವೇ ಬದಲಾಗುತ್ತದೆ. ಸಂಧಿ, ಸಮಾಸ, ಒತ್ತಕ್ಷರ ಎಂದು ಕೇಳುತ್ತಿದ್ದವರು ‘ಡಾ.’ ಎಲ್ಲಿ ಬರಬೇಕು, ‘ಪ್ರೊ.’ ಯಾರಿಗೆ ಸಲ್ಲಬೇಕು ಎಂದು ಕೇಳತೊಡಗುತ್ತಾರೆ. ಒಂದು ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ 31 ವರ್ಷ ಕರಡು ತಿದ್ದಿದವಳು ನಾನು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಸೇರಿ, ಕಂಪ್ಯೂಟರಿನ ಕಾಲದಲ್ಲಿ ನಿವೃತ್ತಳಾದೆ. ಅಷ್ಟೂ ವರ್ಷ ನನ್ನ ಮೇಜಿನ ಮೇಲೆ ಮುಗಿಯದೆ ಉಳಿದ ತಕರಾರು ಇದೊಂದೇ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಇದಕ್ಕೇ.

ನಮ್ಮ ಕಾಲೇಜಿನ ಸ್ಮರಣ ಸಂಚಿಕೆಗೆ ಲೇಖನ ಕೊಟ್ಟವರಲ್ಲಿ ಒಬ್ಬರು ‘ಪ್ರೊ. ಡಾ.’ ಎಂದು ಬರೆದುಕೊಂಡಿದ್ದಾರೆ. ಇನ್ನೊಬ್ಬರು ಹೆಸರಿಗೆ ಮೊದಲು ‘ಡಾ.’, ಹೆಸರಾದ ಮೇಲೆ ‘ಪಿಎಚ್.ಡಿ.’ ಎರಡನ್ನೂ ಹಾಕಿದ್ದಾರೆ. ಯಾರದನ್ನು ತಿದ್ದಲಿ? ತಿದ್ದಿದರೆ ಬೇಜಾರಾಗುತ್ತಾರೆಯೇ ಮೇಡಂ?
— ಪದವಿ ಕಾಲೇಜಿನ ಅಧ್ಯಾಪಕಿ, ಶಿವಮೊಗ್ಗ

ಇಬ್ಬರದನ್ನೂ ತಿದ್ದಿ. ‘ಡಾ.’ ಮತ್ತು ‘ಪಿಎಚ್.ಡಿ.’ ಒಂದೇ ಮಾತು. ಮೊದಲು ಹೇಳಿದ್ದನ್ನು ನಂತರ ಮತ್ತೆ ಹೇಳಬೇಕಾಗಿಲ್ಲ. ಸಂಚಿಕೆಯ ಕೊನೆಯಲ್ಲಿ ಲೇಖಕರ ಪರಿಚಯ ಕೊಡುವಾಗ ‘ಎಂ.ಎ., ಪಿಎಚ್.ಡಿ.’ ಎಂದು ಬರೆಯಿರಿ. ಅಲ್ಲಿ ಹೆಸರಿಗೆ ‘ಡಾ.’ ಬೇಡ. ಲೇಖನದ ತಲೆಯ ಮೇಲೆ ‘ಡಾ.’ ಇರಲಿ, ಅಲ್ಲಿ ಪದವಿಗಳ ಸಾಲು ಬೇಡ.

‘ಪ್ರೊ.’ ಸಂಗತಿ ಬೇರೆ. ಅದು ಹುದ್ದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2010ರ ನಿಯಮಾವಳಿ ಇಟ್ಟಿದ್ದ ಹಂತ ಮೂರು: ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ. ಹಿಂದೆ ಉಪನ್ಯಾಸಕ, ಪ್ರವಾಚಕ, ಪ್ರಾಧ್ಯಾಪಕ ಎನ್ನುತ್ತಿದ್ದೆವು. ಮಾತಿನಲ್ಲಿ ಕಾಲೇಜಿನ ಮೇಷ್ಟ್ರೆಲ್ಲರಿಗೂ ನಾವು ‘ಪ್ರೊಫೆಸರ್ರು’ ಎನ್ನುತ್ತೇವೆ. ಅದು ಪ್ರೀತಿಯ ಮಾತು, ಇರಲಿ. ಅಚ್ಚಿನಲ್ಲಿ ಮಾತ್ರ ಆ ಹುದ್ದೆಯಲ್ಲಿ ಇರುವವರಿಗೆ, ಇದ್ದು ನಿವೃತ್ತರಾದವರಿಗೆ ‘ಪ್ರೊ.’ ಹಾಕಿ. ಹುದ್ದೆ, ಪದವಿ ಎರಡೂ ಇದ್ದವರಿಗೆ ಒಂದನ್ನೇ ಆರಿಸಿ. ನಮ್ಮ ಪ್ರಸಾರಾಂಗದಲ್ಲಿ ‘ಪ್ರೊ.’ ಇಟ್ಟು ‘ಡಾ.’ ಬಿಡುತ್ತಿದ್ದೆವು. ನೀವು ಬೇರೆ ಕ್ರಮ ಇಟ್ಟುಕೊಂಡರೂ ತಪ್ಪಿಲ್ಲ, ಆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದೇ ಕ್ರಮ ನಡೆಯಬೇಕು.

ಬೇಜಾರಿನ ಮಾತು ಕೇಳಿದಿರಿ. ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿ ಹತ್ತು ಹನ್ನೆರಡು ವರ್ಷ ಆಗಿತ್ತು. ಒಂದು ವಿಚಾರ ಸಂಕಿರಣದ ಆಹ್ವಾನ ಪತ್ರಿಕೆ ಅಚ್ಚಿಗೆ ಬಂತು. ಐವರು ಭಾಷಣಕಾರರು. ನಾಲ್ವರು ಗಂಡಸರಿಗೆ ‘ಡಾ.’, ‘ಪ್ರೊ.’ ಇತ್ತು. ಒಬ್ಬರೇ ಹೆಣ್ಣುಮಗಳು, ಅವರಿಗೆ ‘ಶ್ರೀಮತಿ’ ಎಂದಿತ್ತು. ಪ್ರತಿಯಲ್ಲಿದ್ದಂತೆ ನೋಡಿ, ಒಂದು ದೀರ್ಘ ತಿದ್ದಿ, ಸಹಿ ಹಾಕಿ ಕಳಿಸಿದೆ. ಅಚ್ಚಾದ ಮೇಲೆ ಆ ಅಧ್ಯಾಪಕಿ ಪತ್ರಿಕೆ ಹಿಡಿದುಕೊಂಡು ನಮ್ಮ ಕೋಣೆಗೆ ಬಂದರು. ದನಿ ಏರಿಸಲಿಲ್ಲ. ಆ ನಾಲ್ವರಲ್ಲಿ ಇಬ್ಬರಿಗಿಂತ ಮೊದಲೇ ಅವರಿಗೆ ಪಿಎಚ್.ಡಿ. ಆಗಿತ್ತಂತೆ. “ಪ್ರತಿಯಲ್ಲಿ ಹಾಗೇ ಇತ್ತು ಮೇಡಂ” ಅಂದೆ. “ಇರಲಿ. ಉಳಿದ ನಾಲ್ಕು ಹೆಸರು ಓದಿದಾಗ ನಿಮಗೂ ಏನೂ ಅನ್ನಿಸಲಿಲ್ಲವೇ?” ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ನಾನೂ ಹೆಣ್ಣೇ, ನನಗೂ ಅನ್ನಿಸಿರಲಿಲ್ಲ.

ಅಂದಿನಿಂದ ಯಾವ ಆಹ್ವಾನ ಪತ್ರಿಕೆ, ಯಾವ ಸಂಚಿಕೆ ಬಂದರೂ ಮೊದಲು ಒಂದು ಚೀಟಿಯಲ್ಲಿ ಎಲ್ಲ ಹೆಸರುಗಳನ್ನೂ ಕೆಳಗೆ ಕೆಳಗೆ ಬರೆದುಕೊಳ್ಳುತ್ತಿದ್ದೆ. ಒಂದರ ಕೆಳಗೊಂದು ನಿಂತಾಗ ಯಾರಿಗೆ ಕೊಟ್ಟಿದೆ, ಯಾರಿಗೆ ಬಿಟ್ಟಿದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಸಂಶಯ ಬಂದ ಹೆಸರಿನ ಪಕ್ಕ ಗೀಟು ಹಾಕಿ, ವಿಭಾಗಕ್ಕೆ ಫೋನ್ ಮಾಡಿ ಕೇಳುತ್ತಿದ್ದೆ. ನೀವೂ ಹಾಗೆ ಮಾಡಿ. ಎಲ್ಲರಿಗೂ ಒಂದೇ ಅಳತೆ ಇಟ್ಟು ತಿದ್ದಿದ್ದೀರಿ ಎಂದು ಗೊತ್ತಾದರೆ ಯಾರೂ ಬಹಳ ದಿನ ಬೇಜಾರು ಇಟ್ಟುಕೊಳ್ಳುವುದಿಲ್ಲ.

ಮ್ಯಾಡಂ, ನನ್ನ ವೈವಾ ಮುಗದು ಎಂಟು ದಿನ ಆತ್ರಿ. ಬರೋ ತಿಂಗಳ ಲಗ್ನ ಐತಿ. ಲಗ್ನಪತ್ರಿಕಿ ಒಳಗ ಹೆಸರಿಗೆ ‘ಡಾ.’ ಹಾಕಸೋಣಂತ ಮನ್ಯಾಗ ಅಂತಾರ. ಹಾಕಬಹುದೇನ್ರಿ?
— ಸಂಶೋಧನಾ ವಿದ್ಯಾರ್ಥಿ, ಹುಬ್ಬಳ್ಳಿ

ಎರಡು ಶುಭಕ್ಕೂ ಅಭಿನಂದನೆ. ವೈವಾ ಎಂಬ ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಮಾಡುವುದು ಶಿಫಾರಸು. ಪದವಿ ಕೊಡುವುದು ವಿಶ್ವವಿದ್ಯಾಲಯ. ಅದರ ಅಧಿಸೂಚನೆ ಹೊರಟ ದಿನದಿಂದ ‘ಡಾ.’ ನಿಮ್ಮದು, ಘಟಿಕೋತ್ಸವದವರೆಗೆ ಕಾಯುವುದೂ ಬೇಡ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಅಧಿಸೂಚನೆ ಬಂದರೆ ಧಾರಾಳವಾಗಿ ಹಾಕಿಸಿ. ಬಾರದಿದ್ದರೆ ‘ಚಿ.ರಾ.’ ಎಂದು ಹಾಕಿಸಿ, ಹೆಸರಿನ ಕೆಳಗೆ ‘ಎಂ.ಎ.’ ಇರಲಿ. ಒಂದು ತಿಂಗಳ ಮುಂಚೆ ಹಾಕಿಕೊಂಡ ‘ಡಾ.’ ನೋಡಿ ನಿಮ್ಮ ಮಾರ್ಗದರ್ಶಕರು ಮದುವೆ ಮನೆಯಲ್ಲಿ ಮುಖ ಸಣ್ಣ ಮಾಡಿಕೊಳ್ಳುವುದು ಬೇಡ.

ಥೀಸಿಸ್ ಟೈಪ್ ಮಾಡಿಸಲು ಬರುವವರು ತಲೆಗೊಂದು ರೀತಿ ಬರೆದು ತರುತ್ತಾರೆ: ಪಿ.ಹೆಚ್.ಡಿ, ಪಿಹೆಚ್‌ಡಿ, ಪಿಎಚ್.ಡಿ. ‘ಡಾ||’ ಸರಿಯೋ ‘ಡಾ.’ ಸರಿಯೋ? ‘ಪ್ರೊ’ ಹ್ರಸ್ವವೋ ದೀರ್ಘವೋ?
— ಡಿಟಿಪಿ ಅಂಗಡಿ ನಡೆಸುವವರು, ದಾವಣಗೆರೆ

ನಿಮ್ಮಂಥವರು ಕೇಳಿದರೆ ನನಗೆ ಬಹಳ ಸಂತೋಷ, ಏಕೆಂದರೆ ಮಹಾಪ್ರಬಂಧಗಳ ಕೊನೆಯ ಕರಡು ತಿದ್ದುವವರು ಎಷ್ಟೋ ಸಲ ನೀವೇ.

‘ಪಿಎಚ್.ಡಿ.’ ಎಂದು ಬರೆಯಿರಿ. ಲ್ಯಾಟಿನ್ನಿನ ‘ಫಿಲಾಸಫಿಯೇ ಡಾಕ್ಟರ್’ ಎಂಬುದರ ಸಂಕ್ಷೇಪ ಅದು. ಪಿ ಮತ್ತು ಎಚ್ ಒಂದೇ ಪದದ ಮೊದಲ ಎರಡು ಅಕ್ಷರಗಳು, ಆದ್ದರಿಂದ ನಡುವೆ ಚುಕ್ಕಿ ಬರುವುದಿಲ್ಲ. ಅದೇ ಲೆಕ್ಕದಲ್ಲಿ ಬಿ.ಎಸ್ಸಿ., ಬಿ.ಕಾಂ., ಬಿ.ಎಡ್., ಎಂ.ಫಿಲ್., ಡಿ.ಲಿಟ್. ಪತ್ರಿಕೆಗಳು ಚುಕ್ಕಿಯನ್ನೇ ಬಿಟ್ಟು ಎಂಎ, ಪಿಎಚ್‌ಡಿ ಎನ್ನುತ್ತವೆ. ಅದು ಜಾಗ ಉಳಿಸುವ ಕ್ರಮ, ತಪ್ಪಲ್ಲ. ಒಂದೇ ಪ್ರಬಂಧದಲ್ಲಿ ಎರಡೂ ಬೆರೆಯಬಾರದು, ಅಷ್ಟೆ. ‘ಹೆಚ್’ ಬರೆಯುವ ರೂಢಿ ನಮ್ಮಲ್ಲಿ ಬಲವಾಗಿದೆ. ನಾನು ‘ಎಚ್’ ಮಾಡುತ್ತಿದ್ದೆ.

‘ಡಾ||’, ‘ಶ್ರೀ||’, ‘ಪ್ರೊ||’ ಎಂದು ಎರಡು ಕಡ್ಡಿ ಹಾಕುವುದು ಹಳೆಯ ಕೈಬರಹದ, ಹಳೆಯ ಅಚ್ಚಿನ ರೂಢಿ. ನನಗೆ ಅದರ ಮೇಲೆ ಮಮತೆ ಇದೆ, ನಮ್ಮ ತಂದೆ ಪತ್ರದ ವಿಳಾಸವನ್ನು ಹಾಗೇ ಬರೆಯುತ್ತಿದ್ದರು. ಆದರೆ ಇಂಗ್ಲಿಷಿನ ಹೆಸರಕ್ಷರಗಳ ಚುಕ್ಕಿಗಳ ಜೊತೆ ಕಡ್ಡಿಗಳು ಸೇರಿದರೆ ಸಾಲು ಗಜಿಬಿಜಿಯಾಗುತ್ತದೆ. ಚುಕ್ಕಿಯೇ ಸಾಕು. ‘ಪ್ರೊ’ ಹ್ರಸ್ವ. ಕನ್ನಡದಲ್ಲಿ ಒ, ಓ ಎರಡೂ ಇರುವಾಗ ‘ಪ್ರೋ’ ಎಂದು ಎಳೆಯುವುದು ಬೇಡ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಾಲಿನ ಕೊನೆಯಲ್ಲಿ ‘ಡಾ.’ ಒಂದೇ ಉಳಿದು ಹೆಸರು ಕೆಳಗಿನ ಸಾಲಿಗೆ ಹೋಗಲು ಬಿಡಬೇಡಿ. ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಆ ಎರಡು ಬೇರೆಯಾಗುವುದಿಲ್ಲ.

ಗೌರವ ಡಾಕ್ಟರೇಟ್ ಪಡೆದವರು ‘ಡಾ.’ ಹಾಕಿಕೊಳ್ಳಬಾರದು ಎನ್ನುತ್ತಾರೆ. ಹಾಗಾದರೆ ನಮ್ಮ ಡಾ. ರಾಜ್‌ಕುಮಾರ್?
— ಓದುಗ, ಮಂಡ್ಯ

ಈ ಪ್ರಶ್ನೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಗೌರವ ಪದವಿಯನ್ನು ಹೆಸರಿಗೆ ಅಂಟಿಸಿಕೊಳ್ಳಬಾರದು ಎಂಬುದು ವಿದ್ವತ್ ವಲಯದ ಶಿಷ್ಟಾಚಾರ. ಅದು ಪರೀಕ್ಷೆ ಕೊಟ್ಟು, ಪ್ರಬಂಧ ಬರೆದು ಪಡೆದದ್ದಲ್ಲ. ಒಂದು ವಿಶ್ವವಿದ್ಯಾಲಯ ತಾನಾಗಿ ಸಲ್ಲಿಸಿದ ಗೌರವ. ಪರಿಚಯದಲ್ಲಿ ‘ಗೌರವ ಡಾಕ್ಟರೇಟ್’ ಎಂದು, ಕೊಟ್ಟ ವಿಶ್ವವಿದ್ಯಾಲಯದ ಹೆಸರು, ವರ್ಷದ ಸಮೇತ ಬರೆಯುವುದು ಸರಿಯಾದ ಕ್ರಮ.

ಆದರೆ ಮೈಸೂರು ವಿಶ್ವವಿದ್ಯಾನಿಲಯ 1976ರಲ್ಲಿ ರಾಜ್‌ಕುಮಾರರಿಗೆ ಕೊಟ್ಟ ಆ ಒಂದಕ್ಷರವನ್ನು ಜನ ಎತ್ತಿಕೊಂಡು ಅವರ ಹೆಸರಿನೊಳಗೇ ಸೇರಿಸಿಬಿಟ್ಟರು. ರಸ್ತೆಗಳಿಗೂ ಬಡಾವಣೆಗಳಿಗೂ ಅದೇ ಹೆಸರು ನಿಂತಿತು. ಜನ ಇಟ್ಟ ಹೆಸರನ್ನು ಕರಡು ತಿದ್ದುವವರು ಅಳಿಸಬಾರದು, ನಾನು ಅಳಿಸಲಿಲ್ಲ. ಇನ್ನೊಂದು ಕಡೆ ನೋಡಿ. ಅದೇ ವಿಶ್ವವಿದ್ಯಾನಿಲಯ ಕುವೆಂಪು ಅವರಿಗೆ 1956ರಲ್ಲಿ ಗೌರವ ಡಿ.ಲಿಟ್. ಕೊಟ್ಟಿತು. ಆದರೂ 1987ರಲ್ಲಿ ಶಂಕರಘಟ್ಟದಲ್ಲಿ ಅವರ ಹೆಸರಿನ ವಿಶ್ವವಿದ್ಯಾನಿಲಯ ಆದಾಗ ‘ಕುವೆಂಪು’ ಎಂಬ ಮೂರಕ್ಷರವೇ ಸಾಕಾಯಿತು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯದ ಹೆಸರಿನಲ್ಲಿ ‘ಡಾ. ಗಂಗೂಬಾಯಿ ಹಾನಗಲ್’ ಎಂದೇ ಇದೆ. ಸಂಸ್ಥೆಯ ಹೆಸರಿನ ಭಾಗ ಅದು, ಮುಟ್ಟುವಂತಿಲ್ಲ. ‘ನಾಡೋಜ’ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೊಡುವ ಗೌರವ ಪದವಿ. ಉಪಾಧ್ಯಾಯ ಎಂಬುದೇ ಸವೆದು ಸವೆದು ‘ಓಜ’ ಆದದ್ದು. ನಾಡಿಗೇ ಮೇಷ್ಟ್ರು ಎಂಬ ಅರ್ಥ ಬರುವ ಇಂಥ ಪದ ನಮ್ಮಲ್ಲಿದೆ ಎಂಬುದು ನನಗೆ ಹೆಮ್ಮೆ. ಪರಿಚಯದಲ್ಲಿ ಅದಕ್ಕೆ ಒಂದು ವಾಕ್ಯವನ್ನೇ ಕೊಡಿ.

‘ಪದ್ಮಶ್ರೀ ಡಾ.’ ಎಂದು ಮಾತ್ರ ಸೇರಿಸಬೇಡಿ. ಸೇನೆಯ ಮತ್ತು ವಿದ್ಯೆಯ ಗೌರವಗಳನ್ನು ಬಿಟ್ಟು ಬೇರೆ ಬಿರುದುಗಳನ್ನು ಸರ್ಕಾರ ಕೊಡಬಾರದು ಎಂದು ಸಂವಿಧಾನದ 18ನೇ ವಿಧಿ ಹೇಳುತ್ತದೆ. ಪದ್ಮ ಪ್ರಶಸ್ತಿಗಳು ಬಿರುದಲ್ಲ, ಅವನ್ನು ಹೆಸರಿಗೆ ಮೊದಲೂ ನಂತರವೂ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರ ಡಿಸೆಂಬರಿನಲ್ಲೇ ಹೇಳಿದೆ.

ಇನ್ನು ದುಡ್ಡು ಕಟ್ಟಿಸಿಕೊಂಡು ಹೋಟೆಲ್ ಸಭಾಂಗಣದಲ್ಲಿ ಗೌನು ಹೊದಿಸಿ ಕೊಡುವ ‘ಡಾಕ್ಟರೇಟ್’ಗಳ ಬಗ್ಗೆಯೂ ನೀವು ಬರೆದಿದ್ದೀರಿ. 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪದವಿ ಕೊಡುವ ಅಧಿಕಾರ ಇರುವುದು ಕಾಯ್ದೆಯ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಮೀರಿದವರಿಗೆ ಆ ಕಾಯ್ದೆಯಲ್ಲಿ ಇರುವುದು 1,000 ರೂಪಾಯಿವರೆಗಿನ ದಂಡ. ಇಷ್ಟು ಸಣ್ಣ ದಂಡ ಯಾರನ್ನು ತಡೆದೀತು? ಐದಾರು ವರ್ಷ ಗ್ರಂಥಾಲಯದ ಬೆಂಚು ಸವೆಸಿ, ಊರೂರು ತಿರುಗಿ ಹಸ್ತಪ್ರತಿ ಹುಡುಕಿ ಪದವಿ ಪಡೆದ ಹುಡುಗ ಹುಡುಗಿಯರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಇಂಥ ‘ಡಾ.’ ನಿಮ್ಮ ಸಂಘದ ಆಹ್ವಾನ ಪತ್ರಿಕೆಗೆ ಬಂದರೆ ಹೆಸರನ್ನು ಮಾತ್ರ ಹಾಕಿ.

‘ಸ್ನಾತಕ’ ಎಂದರೆ ಓದುತ್ತಿರುವವನೋ, ಓದು ಮುಗಿಸಿದವನೋ? ‘ಪದವೀಧರ’ಕ್ಕೆ ಸ್ತ್ರೀಲಿಂಗ ಬೇಕೇ?
— ಬಿ.ಎ. ವಿದ್ಯಾರ್ಥಿನಿ, ಶಿಕಾರಿಪುರ

ಗುರುಕುಲದಲ್ಲಿ ಓದು ಮುಗಿದ ಮೇಲೆ ಒಂದು ವಿಧಿಸ್ನಾನ ಇತ್ತು. ಅದನ್ನು ಮಾಡಿ ಮನೆಗೆ ಹೊರಟವನು ಸ್ನಾತಕ. ಅಂದರೆ ಮುಗಿಸಿದವನು. ಈಗ ‘ಸ್ನಾತಕ ಪದವಿ’ ಎಂದು ಬಿ.ಎ., ಬಿ.ಎಸ್ಸಿ. ಮಟ್ಟಕ್ಕೆ ಹೇಳುತ್ತೇವೆ, ಅದು ನೆಲೆಗೊಂಡಿದೆ. ಓದುತ್ತಿರುವವರನ್ನು ‘ಪದವಿ ವಿದ್ಯಾರ್ಥಿ’ ಎನ್ನಿ, ಗೊಂದಲವಿಲ್ಲ. ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾದಿರುವವರೂ ಇನ್ನೂ ಪದವೀಧರರಲ್ಲ. ‘ಪದವೀಧರೆ’ ಸರಿಯಾದ ರೂಪ, ಒಬ್ಬರ ಬಗ್ಗೆ ಬರೆಯುವಾಗ ಬಳಸಿ; ಗುಂಪಿಗೆ ‘ಪದವೀಧರರು’ ಎಲ್ಲರನ್ನೂ ಒಳಗೊಳ್ಳುತ್ತದೆ.

ನೀವು ಶಿಕಾರಿಪುರದವರು, ಆದ್ದರಿಂದ ಇದನ್ನೂ ಹೇಳಬೇಕು. ‘ಘಟಿಕೋತ್ಸವ’ದೊಳಗಿನ ‘ಘಟಿಕಾ’ ನಿಮ್ಮ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದಲ್ಲಿದೆ. ಕದಂಬರ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಓದಲು ಹೋದದ್ದು ಪಲ್ಲವರ ಕಂಚಿಯ ಘಟಿಕೆ ಎಂಬ ವಿದ್ಯಾಕೇಂದ್ರಕ್ಕೆ. ಒಂದು ದಿನ ಹೋಗಿ ನೋಡಿ ಬನ್ನಿ.

ಕುಲಪತಿಯೋ, ಉಪಕುಲಪತಿಯೋ?
— ಓದುಗ, ಕಲಬುರಗಿ

ಈಗ ಕರ್ನಾಟಕದಲ್ಲಿ ರಾಜ್ಯಪಾಲರು ಕುಲಾಧಿಪತಿ, ವೈಸ್ ಚಾನ್ಸೆಲರ್ ಕುಲಪತಿ, ರಿಜಿಸ್ಟ್ರಾರ್ ಕುಲಸಚಿವ. ಹಳೆಯ ಬರಹಗಳಲ್ಲಿ ವೈಸ್ ಚಾನ್ಸೆಲರಿಗೆ ‘ಉಪಕುಲಪತಿ’ ಎಂದಿರುತ್ತದೆ, ಉದ್ಧರಿಸುವಾಗ ತಿದ್ದಬೇಡಿ.

ಇಲ್ಲಿನ ಕನ್ನಡ ಸಂಘದ ಸಂಚಿಕೆಯಲ್ಲಿ ‘ನಾನು ಮೈಸೂರು ವಿಶ್ವವಿದ್ಯಾನಿಲಯದ ಅಲುಮ್ನಿ’ ಎಂದು ಬರೆದೆ. ತಪ್ಪೆಂದರು.
— ಓದುಗರು, ನ್ಯೂಜೆರ್ಸಿ

‘ಅಲುಮ್ನಿ’ ಬಹುವಚನ. ಒಬ್ಬ ಗಂಡಸಿಗೆ ಅಲುಮ್ನಸ್, ಒಬ್ಬ ಹೆಂಗಸಿಗೆ ಅಲುಮ್ನಾ. ಕನ್ನಡದಲ್ಲಿ ಬರೆಯುವಾಗ ಆ ತೊಡಕೇಕೆ? ‘ಹಳೆಯ ವಿದ್ಯಾರ್ಥಿ’, ‘ಹಳೆಯ ವಿದ್ಯಾರ್ಥಿನಿ’ ಎನ್ನಿ. ‘ವಿಶ್ವವಿದ್ಯಾನಿಲಯ’ ಎಂದು ಸರಿಯಾಗಿ ಬರೆದಿದ್ದೀರಿ. ಮೈಸೂರಿನದು ಹಾಗೆ, ಧಾರವಾಡದ್ದೂ ಹಂಪಿಯದೂ ‘ವಿಶ್ವವಿದ್ಯಾಲಯ’. ಆಯಾ ಸಂಸ್ಥೆ ಇಟ್ಟುಕೊಂಡ ರೂಪವೇ ಅದರ ಹೆಸರು.

ನನ್ನ ಮಹಾಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಎಲ್ಲರಿಗೂ ‘ಪ್ರೊ.’, ‘ಡಾ.’ ಇದೆ. ಅಪ್ಪ ನಾಲ್ಕನೇ ಕ್ಲಾಸು ಓದಿದವರು. ಅವರ ಹೆಸರು ಮಾತ್ರ ಬರಿದಾಗಿ ಕಾಣುತ್ತದೆ. ಏನು ಹಾಕಲಿ ಮೇಡಂ?
— ಸಂಶೋಧನಾ ವಿದ್ಯಾರ್ಥಿನಿ, ಚಾಮರಾಜನಗರ

‘ಶ್ರೀ’ ಹಾಕಬಹುದು, ಕ್ರಮಕ್ಕೆ ಸರಿಹೋಗುತ್ತದೆ. ಆದರೆ ಆ ಪುಟದಲ್ಲಿ ಮಾರ್ಗದರ್ಶಕರನ್ನೂ ಗ್ರಂಥಪಾಲಕರನ್ನೂ ನೆನೆದ ಮೇಲೆ ಒಂದು ಪ್ಯಾರಾ ಬಿಟ್ಟು, ಅಪ್ಪನದನ್ನು ಬೇರೆಯಾಗಿಯೇ ಬರೆಯಿರಿ. ‘ನಮ್ಮಪ್ಪ’ ಎಂದು ಆರಂಭಿಸಿ, ಅವರ ಪೂರ್ತಿ ಹೆಸರು, ಊರಿನ ಹೆಸರು ಬರೆಯಿರಿ. ನಿಮ್ಮ ಪತ್ರದ ಕೊನೆಗೆ, ಫೀಸು ಕಟ್ಟಲು ಅವರು ಯಾವ ವರ್ಷ ಎರಡು ಎತ್ತು ಮಾರಿದರು ಎಂದು ಬರೆದಿದ್ದೀರಲ್ಲ, ಆ ವಾಕ್ಯವನ್ನು ಒಂದಕ್ಷರವೂ ಬದಲಿಸದೆ ಅಲ್ಲಿ ಇಡಿ.