ಆ ಮೊಲಕ್ಕೆ ಹುಣಸೆಹಣ್ಣು ತಾಗಿಸಬೇಡಿ

ಸಾಗರದ ಓದುಗರೊಬ್ಬರ ಪತ್ರ: “ಮಗಳು ಜಪಾನಿನಿಂದ ತಂದ ಕಂಚಿನ ಮೊಲ ಬಂದ ದಿನದಿಂದಲೂ ಕಪ್ಪಗಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಳಪು ಬಂದೀತೇ? ತಳದಲ್ಲಿ ಜಪಾನಿ ಅಕ್ಷರಗಳಿವೆ. ಹಳೆಯ ಕಾಲದ್ದಿರಬಹುದೇ?”

ಸಂಪಾದಕರ ಉತ್ತರ:

ಮಾನ್ಯರೇ, ದಯವಿಟ್ಟು ತಿಕ್ಕಬೇಡಿ. ನಮ್ಮಲ್ಲಿ ದೀಪ, ತಂಬಿಗೆಗಳನ್ನು ಬೆಳಗಿದಷ್ಟೂ ಚೆಂದ. ಆದರೆ ಬಂದ ದಿನದಿಂದಲೂ ಇರುವ ಆ ಕಪ್ಪು, ಮಾಡಿದವರು ಬೇಕೆಂದೇ ಬರಿಸಿದ ಬಣ್ಣ.

ಜಪಾನಿನ ಲೋಹಶಿಲ್ಪದಲ್ಲಿ ಎರಕ ಹೊಯ್ದ ಮೇಲೂ ದೊಡ್ಡ ಕೆಲಸವೊಂದು ಬಾಕಿ ಇರುತ್ತದೆ. ಶಕುಡೊ ಎಂಬ ಮಿಶ್ರಲೋಹವನ್ನೇ ನೋಡಿ. ತಾಮ್ರಕ್ಕೆ ನೂರರಲ್ಲಿ ಮೂರು ನಾಲ್ಕು ಪಾಲು ಬಂಗಾರ ಬೆರೆಸಿದ್ದು. ಮೊದಲಿಗೆ ಬರೀ ತಾಮ್ರದಂತೆಯೇ ಕಾಣುತ್ತದೆ. ಅದಕ್ಕೆ ತುರಿದ ಮೂಲಂಗಿ ಸವರಿ, ಮೈಲುತುತ್ತ ಮತ್ತು ತಾಮ್ರದ ಕಿಲುಬಿನ ಲವಣ ಕರಗಿಸಿದ ನೀರಿನಲ್ಲಿ ಕುದಿಸುತ್ತಾರೆ. ನಿಮ್ಮೂರಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸುಣ್ಣದೊಂದಿಗೆ ಸಿಂಪಡಿಸುತ್ತಾರಲ್ಲ, ಅದೇ ಮೈಲುತುತ್ತ! ನೋಡನೋಡುತ್ತ ಲೋಹ ನೀಲಿ ಬೆರೆತ ಗಾಢ ಕಪ್ಪಿಗೆ ತಿರುಗುತ್ತದೆ. ಬೆಳ್ಳಿ ಬೆರೆಸಿದ ಶಿಬುಯಿಚಿ ಬೂದು ಬಣ್ಣ ತಾಳುತ್ತದೆ. ಕಂಚಿಗೆ ಬಣ್ಣ ಬರಿಸುವ ವಿಧಾನಗಳು ಬೇರೆಯೇ ಇವೆ. ಯಾವುದೇ ಆಗಲಿ, ಆ ಪದರ ಬಹಳ ತೆಳು. ಹುಳಿ ತಾಗಿದರೆ ಹೋಯಿತು.

1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ಅಲ್ಲಿನ ಸರ್ಕಾರ ನಿಷೇಧಿಸಿದಾಗ ಕತ್ತಿಯ ಅಲಂಕಾರ ಮಾಡುತ್ತಿದ್ದವರ ಅನ್ನಕ್ಕೇ ಕುತ್ತು ಬಂತು. ಅವರಲ್ಲಿ ಅನೇಕರು ಹೂದಾನಿ, ಹಕ್ಕಿ, ಪ್ರಾಣಿಗಳತ್ತ ಹೊರಳಿ ವಿದೇಶಿ ಮಾರುಕಟ್ಟೆಗಾಗಿ ಕೆಲಸ ಮಾಡಿದರು. ಅದೇ ಕಾಲದ ಎರಕದ ಶಿಲ್ಪಿ ಸುಜುಕಿ ಚೋಕಿಚಿಯ ಹನ್ನೆರಡು ಗಿಡುಗಗಳು 1893ರ ಷಿಕಾಗೋ ಪ್ರದರ್ಶನಕ್ಕೆ ಹೋದವು. ಪ್ರತಿ ಗಿಡುಗದ ನಿಲುವೂ ಬೇರೆ, ಪುಕ್ಕದ ಛಾಯೆಯೂ ಬೇರೆ. ಒಂದು ಬೆಳ್ಳಗೆ, ಇನ್ನೊಂದು ಕಪ್ಪಗೆ. ಈಗ ಅವು ಕನಜಾವಾದ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯದಲ್ಲಿವೆ. ಲೋಹದಲ್ಲಿ ಇಷ್ಟು ಜೀವಂತವಾದ ಹಕ್ಕಿಗಳು ಅಪರೂಪವೆಂದೇ ನನ್ನ ಎಣಿಕೆ. ಅವನ್ನು ಯಾರಾದರೂ ಬೆಳಗಿದ್ದರೆ ಆ ಪುಕ್ಕಗಳ ಸೊಬಗು ಅರ್ಧಕ್ಕರ್ಧ ಅಳಿಸಿಹೋಗುತ್ತಿತ್ತು.

ಇನ್ನು ವಯಸ್ಸಿನ ಮಾತು. ತಳದ ಅಕ್ಷರಗಳು ಬಹುಶಃ ಮಾಡಿದವರ ಹೆಸರು. ಅಷ್ಟರಿಂದಲೇ ಹಳೆಯದೆನ್ನಲಾಗದು. ಟೊಯಾಮಾ ಪ್ರಾಂತ್ಯದ ತಕವೋಕಾದಲ್ಲಿ 1611ರಲ್ಲಿ ಏಳು ಮಂದಿ ಎರಕದವರಿಂದ ಶುರುವಾದ ಕಸುಬು ಇಂದಿಗೂ ನಡೆಯುತ್ತಿದ್ದು, ಹೆಸರು ಕೆತ್ತಿದ ಪ್ರಾಣಿಗಳು ಈಗಲೂ ಅಲ್ಲಿ ತಯಾರಾಗುತ್ತವೆ.

ಮೊಲ ಮರದ ಪೆಟ್ಟಿಗೆಯಲ್ಲಿ ಬಂದಿದ್ದರೆ ಅದನ್ನು ಎಸೆಯಬೇಡಿ. ಕಲಾವಿದರು ಮುಚ್ಚಳದ ಮೇಲೆ ಕೃತಿಯ ಹೆಸರು ಬರೆದು ರುಜು ಹಾಕುವುದುಂಟು. ಮೊಲದ ಧೂಳನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ, ಬರಿಗೈಯಿಂದ ಆದಷ್ಟು ಕಡಿಮೆ ಮುಟ್ಟಿ. ಬೆವರಿನ ಉಪ್ಪೂ ಆ ಬಣ್ಣಕ್ಕೆ ಆಗದು. ತಳ ಮತ್ತು ಮುಚ್ಚಳದ ಚಿತ್ರ ಕಳುಹಿಸಿ, ಜಪಾನಿ ಬಲ್ಲವರಿಂದ ಓದಿಸೋಣ.