ತಮ್ಮನಿಗೆ ಸ್ಕಿಜೋಫ್ರೀನಿಯಾ ಇದೆ, ಕೋರ್ಟ್ ಬಿಟ್ಟುಬಿಡುತ್ತದೆಯೇ?

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ನಮ್ಮಲ್ಲಿಗೆ ಕಾನೂನು ಸಲಹೆಗೆ ಬಂದವರು ಆರೋಪಿಯ ಅಕ್ಕ. ತಮ್ಮನಿಗೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ಆರು ವರ್ಷದಿಂದ ಚಿಕಿತ್ಸೆ ನಡೆಯುತ್ತಿತ್ತು. ಮಾತ್ರೆ ಬಿಟ್ಟ ಎರಡು ತಿಂಗಳಿಗೆ ಪಕ್ಕದ ಮನೆಯವರ ತಲೆಗೆ ಸರಳಿನಿಂದ ಹೊಡೆದ. ಈಗ ನ್ಯಾಯಾಂಗ ಬಂಧನದಲ್ಲಿದ್ದಾನೆ.

"ಡಾಕ್ಟರ್ ಚೀಟಿ ಇದೆಯಲ್ಲ ಮೇಡಂ, ಸಾಲದಾ?"

ಸಾಲದು. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ (ಹಿಂದಿನ ಐಪಿಸಿ 84) ನೋಡುವುದು ಹೊಡೆದ ಆ ಹೊತ್ತನ್ನು. ತಾನೇನು ಮಾಡುತ್ತಿದ್ದೇನೆ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿ ಆಗ ಅವನಿಗಿತ್ತೇ? ಇರಲಿಲ್ಲವೆಂದು ತೋರಿಸುವ ಹೊಣೆ ಆರೋಪಿಯದೇ. ಆದರೆ ಸಂಶಯಾತೀತ ರುಜುವಾತು ಬೇಕಿಲ್ಲ, ಹಾಗಿದ್ದಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು. ದಹ್ಯಾಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲೇ ಇದನ್ನು ಹೇಳಿದೆ.

ಹಾಗಾಗಿ ಘಟನೆಯ ಹಿಂದುಮುಂದಿನ ದಿನಗಳ ಸಾಕ್ಷ್ಯವೇ ಜೀವಾಳ. ಚಾರ್ಜ್‌ಶೀಟ್‌ನಲ್ಲಿ ಒಬ್ಬ ಸಾಕ್ಷಿ, ಹೊಡೆದ ಮೇಲೂ ಅವನು ಸರಳು ಹಿಡಿದು ಹೊಸ್ತಿಲ ಮೇಲೆ ಗೊಣಗುತ್ತ ಕೂತಿದ್ದ ಎಂದಿದ್ದಾರೆ. ಓಡಿಲ್ಲ, ಸರಳನ್ನು ಬಚ್ಚಿಟ್ಟಿಲ್ಲ. ತಪ್ಪು ಮಾಡಿದೆನೆಂಬ ಅರಿವು ಅವನಿಗಿರಲಿಲ್ಲ ಎನ್ನಲು ಇದು ತುಂಬ ಮುಖ್ಯ, ವಕೀಲರಿಗೆ ಗುರುತು ಹಾಕಿ ತೋರಿಸಿ ಎಂದೆವು. ಆಸ್ಪತ್ರೆಯಿಂದ ಪೂರ್ತಿ ಕೇಸ್ ಶೀಟ್ (ಚಿಕಿತ್ಸೆಯ ದಾಖಲೆ) ಕೇಳಿ ಪಡೆಯಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ದಾಖಲೆ ಪಡೆಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಔಷಧಿ ಅಂಗಡಿಯ ಬಿಲ್ಲುಗಳೂ ಬೇಕು, ಮಾತ್ರೆ ನಿಂತ ಕಾಲ ಅದರಲ್ಲೇ ಕಾಣುತ್ತದೆ. ಕಾಯಿಲೆಯ ಚರಿತ್ರೆ ಗೊತ್ತಿದ್ದೂ ತನಿಖಾಧಿಕಾರಿ ವೈದ್ಯಕೀಯ ಪರೀಕ್ಷೆ ಮಾಡಿಸದಿದ್ದರೆ ಅದು ತನಿಖೆಯ ದೊಡ್ಡ ಲೋಪ. ಪಾಟೀಸವಾಲಿನಲ್ಲಿ, ಅಂದರೆ ಆ ಅಧಿಕಾರಿಯನ್ನು ನಮ್ಮ ಕಡೆಯ ವಕೀಲರು ಪ್ರಶ್ನಿಸುವಾಗ, ಅದನ್ನು ಕೇಳಲೇಬೇಕು. ಕೊನೆಯ ವಾದದಲ್ಲಿ ಮೊದಲ ಬಾರಿಗೆ ಕಾಯಿಲೆಯ ಮಾತೆತ್ತಿದರೆ ಕೋರ್ಟ್ ನಂಬುವುದು ಕಷ್ಟ.

ಹಳೆಯ ತಾರೀಖು ಹಾಕಿ ಸರ್ಟಿಫಿಕೇಟ್ ಬರೆಸಬಹುದೇ ಎಂದೂ ಅವರು ಕೇಳಿದರು. ಖಂಡಿತ ಬೇಡ. ಒಂದು ಸುಳ್ಳು ಕಾಗದ ಆರು ವರ್ಷದ ನಿಜವಾದ ದಾಖಲೆಗಳನ್ನೂ ಕೆಡಿಸುತ್ತದೆ.

ಈಗ ಅವನಿಗೆ ವಿಚಾರಣೆ ಅರ್ಥವಾಗುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಆಗುತ್ತಿಲ್ಲವಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿ) 367, 368ನೇ ಕಲಂಗಳಡಿ ಪರೀಕ್ಷೆಗೆ ಅರ್ಜಿ ಹಾಕಬೇಕು. ಜೈಲಿನ ವೈದ್ಯರಿಗೆ ಮಾತ್ರೆಗಳ ಹೆಸರು, ಪ್ರಮಾಣ ಇಂದೇ ಬರೆದುಕೊಡಿ ಎಂದು ಒತ್ತಿ ಹೇಳಿದೆವು.

ಖುಲಾಸೆಯಾದರೂ ಅದೇ ದಿನ ಮನೆಗೆ ಬರುತ್ತಾನೆಂದಲ್ಲ. ಅದೇ ಸಂಹಿತೆಯ 374ನೇ ಕಲಂ ಪ್ರಕಾರ ಸುರಕ್ಷಿತ ವಶದಲ್ಲಿಡಬಹುದು, ಇಲ್ಲವೇ ಭದ್ರತೆ (ಜಾಮೀನಿನಂಥ ಖಾತರಿ) ಪಡೆದು ಸಂಬಂಧಿಕರಿಗೆ ಒಪ್ಪಿಸಬಹುದು. ಶಿಕ್ಷೆಯಾದರೆ ಇದೇ ದಾಖಲೆಗಳನ್ನು ಶಿಕ್ಷೆ ತಗ್ಗಿಸಲು ಮುಂದಿಡಬೇಕು. ವಕೀಲರಿಗೆ ಹಣವಿಲ್ಲವೆಂದರು. ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅರ್ಜಿ ಅಲ್ಲಿಗೆ ಹೋಯಿತು.